ಹಳೇ ಇನ್ವರ್ಟರ್ ಬ್ಯಾಟರಿ: ಆಸಿಡ್ ಸಮೇತ, ಮುಚ್ಚಳ ಸಮೇತ ಕೊಡಿ

ಮನೆಯಲ್ಲಿ ಬಳಸಿ ಹೊರಗೆ ಹಾಕುವ ಸಾಮಾನುಗಳಲ್ಲಿ ಮತ್ತೆ ಅದೇ ಸಾಮಾನಾಗಿ ಹುಟ್ಟಿಬರುವಂಥವು ಬಹಳ ಕಡಿಮೆ. ಹಾಲಿನ ಕವರು ಮತ್ತೆ ಹಾಲಿನ ಕವರಾಗುವುದಿಲ್ಲ, ಕಪ್ಪು ಪೈಪೋ ಕಸದ ಚೀಲವೋ ಆಗುತ್ತದೆ. ಬರೆದು ಮುಗಿಸಿದ ನೋಟ್‌ಬುಕ್ಕು ರಟ್ಟಾಗುತ್ತದೆ. ಚಿಪ್ಸ್ ಪ್ಯಾಕೆಟ್ಟು ಏನೂ ಆಗದೆ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಉರಿದುಹೋಗುತ್ತದೆ. ಇನ್ವರ್ಟರ್ ಬ್ಯಾಟರಿಯ ಕಥೆ ಬೇರೆ. ಅದರ ಸೀಸ ಕರಗಿ ಹೊಸ ಬ್ಯಾಟರಿಯ ಸೀಸವಾಗುತ್ತದೆ, ಡಬ್ಬಿಯ ಪ್ಲಾಸ್ಟಿಕ್ಕು ಹೊಸ ಡಬ್ಬಿಯಾಗುತ್ತದೆ. ಎಷ್ಟು ಸಲ ಕರಗಿಸಿದರೂ ಸೀಸದ ಗುಣ ಕೆಡುವುದಿಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ಸೀಸದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಗಣಿಯಿಂದಲ್ಲ, ಹಳೆಯ ಸಾಮಾನಿನಿಂದ. ಅದರಲ್ಲೂ ಮುಖ್ಯವಾಗಿ ಹಳೆಯ ಬ್ಯಾಟರಿಗಳಿಂದ.

ಅದೇ ಬ್ಯಾಟರಿ ಸರಿಯಾದ ಕಾರ್ಖಾನೆಗೆ ಹೋಗದೆ ಊರಾಚೆಯ ಯಾವುದೋ ಶೆಡ್ಡಿಗೆ ಹೋಯಿತೆನ್ನಿ: ಆಸಿಡ್ ಮಣ್ಣಿಗೆ ಇಳಿಯುತ್ತದೆ, ಸೀಸದ ಹೊಗೆ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಯಾವ ದಾರಿ ಹಿಡಿಯುತ್ತದೆ ಎನ್ನುವುದು ಬಹುಮಟ್ಟಿಗೆ ನಿಮ್ಮ ಮನೆ ಬಾಗಿಲಲ್ಲೇ, ಹಳೇ ಬ್ಯಾಟರಿಯನ್ನು ಯಾರಿಗೆ, ಹೇಗೆ ಕೊಟ್ಟಿರಿ ಎಂಬುದರಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಅದರೊಳಗೆ ಏನಿದೆ, ಅದು ಯಾಕೆ ಸಾಯುತ್ತದೆ, ಸತ್ತ ಮೇಲೆ ಏನಾಗುತ್ತದೆ ಎನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಒಳಗೆ ಏನಿದೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 12 ವೋಲ್ಟಿನ, 150 ಎಎಚ್‌ನ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎನ್ನುವ ಅಳತೆ) ಟ್ಯೂಬ್ಯುಲರ್ ಬ್ಯಾಟರಿ. ಆಸಿಡ್ ತುಂಬಿದ ಮೇಲೆ ಅದರ ತೂಕ 50ರಿಂದ 60 ಕೆಜಿ. ಈ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಸೀಸ ಮತ್ತು ಸೀಸದ ಸಂಯುಕ್ತಗಳು. ಆಸಿಡ್ಡೇ ಹದಿನೈದು ಲೀಟರಿನ ಆಸುಪಾಸು ಇರುತ್ತದೆ. ಉಳಿದದ್ದು ಪಾಲಿಪ್ರೊಪಿಲೀನ್ ಡಬ್ಬಿ, ಮುಚ್ಚಳ, ಪ್ಲೇಟುಗಳ ನಡುವಿನ ತೆಳುವಾದ ಸೆಪರೇಟರ್ ಹಾಳೆಗಳು.

ಡಬ್ಬಿಯೊಳಗೆ 2 ವೋಲ್ಟಿನ ಆರು ಸೆಲ್‌ಗಳು ಸಾಲಾಗಿ ಕೂತಿರುತ್ತವೆ. ಮೇಲೆ ಕಾಣುವ ಆರು ಫ್ಲೋಟುಗಳು, ಅಂದರೆ ನೀರಿನ ಮಟ್ಟ ತೋರಿಸುವ ಕಡ್ಡಿಗಳು, ಆ ಆರು ಸೆಲ್‌ಗಳವು. ಪಾಸಿಟಿವ್ ಪ್ಲೇಟೆಂದರೆ ಸೀಸದ ಉದ್ದನೆಯ ಕಡ್ಡಿಗಳು. ಒಂದೊಂದು ಕಡ್ಡಿಗೂ ಪಾಲಿಯೆಸ್ಟರ್ ಬಟ್ಟೆಯ ಕೊಳವೆ ತೊಡಿಸಿ ಒಳಗೆ ಸೀಸದ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಬಟ್ಟೆಯ ಕೊಳವೆ ಇರುವುದರಿಂದ ಪುಡಿ ಬೇಗ ಉದುರುವುದಿಲ್ಲ. ಅದಿಲ್ಲದ ಚಪ್ಪಟೆ ಪ್ಲೇಟಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋತರೆ, ಟ್ಯೂಬ್ಯುಲರ್ ಚೆನ್ನಾಗಿ ನೋಡಿಕೊಂಡರೆ ನಾಲ್ಕರಿಂದ ಆರು ವರ್ಷ ಬಾಳುತ್ತದೆ. ನೆಗೆಟಿವ್ ಪ್ಲೇಟು ಸೀಸದ ಜಾಲರಿಗೆ ಮೆತ್ತಿದ, ಸ್ಪಂಜಿನಂತೆ ರಂಧ್ರಗಳಿರುವ ಬೂದುಬಣ್ಣದ ಸೀಸ. ಇವೆಲ್ಲ ಮುಳುಗಿರುವುದು ದುರ್ಬಲಗೊಳಿಸಿದ ಗಂಧಕಾಮ್ಲದಲ್ಲಿ. ಅದರಲ್ಲಿ ತೂಕದ ಲೆಕ್ಕದಲ್ಲಿ ಮೂರನೇ ಒಂದರಷ್ಟು ಆಮ್ಲ, ಮಿಕ್ಕದ್ದು ನೀರು.

ಕರೆಂಟು ಹೋಗಿ ಬ್ಯಾಟರಿ ಕೆಲಸಕ್ಕೆ ಇಳಿದಾಗ ಎರಡೂ ಬಗೆಯ ಪ್ಲೇಟುಗಳು ಆಮ್ಲದಿಂದ ಗಂಧಕದ ಅಂಶವನ್ನು ಎಳೆದುಕೊಂಡು ಸೀಸದ ಸಲ್ಫೇಟ್ ಆಗುತ್ತಾ ಹೋಗುತ್ತವೆ, ಆಸಿಡ್ ತೆಳ್ಳಗಾಗುತ್ತಾ ನೀರಿನ ಹತ್ತಿರಕ್ಕೆ ಬರುತ್ತದೆ. ಚಾರ್ಜ್ ಆಗುವಾಗ ಇದೆಲ್ಲ ಹಿಂದುಮುಂದಾಗುತ್ತದೆ. ಆದ್ದರಿಂದಲೇ ಆಸಿಡ್ಡಿನ ಸಾಂದ್ರತೆ ಅಳೆದರೆ ಬ್ಯಾಟರಿಯ ಹೊಟ್ಟೆಯೊಳಗಿನ ಸ್ಥಿತಿ ಗೊತ್ತಾಗುತ್ತದೆ. ಮೆಕ್ಯಾನಿಕ್ಕುಗಳು "ಗ್ರಾವಿಟಿ ಎಷ್ಟಿದೆ ನೋಡು" ಅನ್ನುವುದು ಇದನ್ನೇ. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್ ಬ್ಯಾಟರಿಯ ಗ್ರಾವಿಟಿ 1.240ರ ಸುತ್ತಮುತ್ತ ಇರುತ್ತದೆ, ಪೂರ್ತಿ ಇಳಿದದ್ದು 1.150ರ ಹತ್ತಿರ ಅಥವಾ ಅದಕ್ಕೂ ಕೆಳಗೆ. ಕಾರಿನ ಬ್ಯಾಟರಿಯ ಲೆಕ್ಕ ಬೇರೆ, ಅದರಲ್ಲಿ 1.280ರವರೆಗೂ ಹೋಗುತ್ತದೆ. ಎರಡನ್ನೂ ಒಂದೇ ಅಳತೆಯಲ್ಲಿ ನೋಡಿ "ನಿಮ್ಮ ಬ್ಯಾಟರಿ ವೀಕು ಸಾರ್, ಆಸಿಡ್ ಹಾಕಬೇಕು" ಅನ್ನುವವರು ಬಂದರೆ ನಂಬಬೇಡಿ.

ಯಾಕೆ ಬೇಗ ಸಾಯುತ್ತದೆ

ಮರುಬಳಕೆ ಎಷ್ಟೇ ಚೆನ್ನಾಗಿ ನಡೆದರೂ ಅದಕ್ಕೆ ಬೆಂಕಿ ಬೇಕು, ರಾಸಾಯನಿಕ ಬೇಕು, ಒಂದಿಷ್ಟು ವಿಷದ ಕಸ ಉಳಿದೇ ಉಳಿಯುತ್ತದೆ. ಹಾಗಾಗಿ ಆರು ವರ್ಷ ಬಾಳಬೇಕಾದ ಬ್ಯಾಟರಿಯನ್ನು ಮೂರಕ್ಕೇ ಸಾಯಿಸದಿರುವುದು ಮೊದಲ ಕೆಲಸ.

ನೀರಿನದೇ ದೊಡ್ಡ ತಕರಾರು. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ, ಆಮ್ಲ ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದದ್ದು ಬರೀ ನೀರು, ಎಂದಿಗೂ ಆಸಿಡ್ ಅಲ್ಲ. ಆ ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಆಗಿರಬೇಕು. ನಲ್ಲಿ ನೀರಿನ ಕ್ಲೋರಿನ್, ಬೋರ್‌ವೆಲ್ ನೀರಿನ ಕಬ್ಬಿಣ ಮತ್ತು ಸುಣ್ಣ ಪ್ಲೇಟಿನ ಮೇಲೆ ಕೂತು ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವಂತೆ ಮಾಡುತ್ತವೆ. ಆರ್‌ಒ ನೀರು ಕುಡಿಯಲು ಸರಿ, ಇದಕ್ಕೆ ಸಾಲದು. ಅದರಲ್ಲೂ ಲವಣ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕುವವರಿದ್ದಾರೆ. ಅದು ತಾಮ್ರ, ಅಲ್ಯುಮಿನಿಯಂ ಸುರುಳಿಗಳ ಮೇಲೆ ಹರಿದು, ಧೂಳು ತೊಳೆದುಕೊಂಡು ಬಂದದ್ದು. ಐದು ಲೀಟರಿನ ಕ್ಯಾನಿಗೆ ಕೊಡುವ ದುಡ್ಡು ಹೊಸ ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಫ್ಲೋಟ್ ನೋಡಿ. ಕೆಂಪು ಗುರುತಿಗೆ ಇಳಿಯಲು ಬಿಡದೆ, ಹಸಿರು ಗುರುತಿನವರೆಗೆ ಮಾತ್ರ ತುಂಬಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ತುಂಬಿಸುವುದು ಒಳ್ಳೆಯದು, ಯಾಕೆಂದರೆ ಚಾರ್ಜ್ ಆಗುತ್ತಾ ಮಟ್ಟ ಮೇಲೇರುತ್ತದೆ. ಖಾಲಿ ಬ್ಯಾಟರಿಗೆ ಕಂಠದವರೆಗೆ ಸುರಿದರೆ ಆಮೇಲೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ, ಅದರೊಡನೆ ಒಳಗಿನ ಗ್ರಾವಿಟಿಯೂ ಶಾಶ್ವತವಾಗಿ ಇಳಿಯುತ್ತದೆ. ಪ್ಲೇಟಿನ ತುದಿ ಗಾಳಿಗೆ ತೆರೆದುಕೊಂಡಿದ್ದರೆ ಮಾತ್ರ, ಮುಳುಗುವಷ್ಟು ನೀರು ಹಾಕಿ ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ತುಂಬಿಸಬೇಕು. ತಿಂಗಳು ತಿಂಗಳೂ ನೀರು ಕೇಳುತ್ತಿದೆ ಎಂದರೆ ಚಾರ್ಜರ್ ಅತಿಯಾಗಿ ಚಾರ್ಜ್ ಮಾಡುತ್ತಿದೆ, ಇಲ್ಲವೇ ಬ್ಯಾಟರಿ ಬಿಸಿಯಾದ ಜಾಗದಲ್ಲಿದೆ. ಇನ್ವರ್ಟರಿನ ಹಿಂಬದಿಯಲ್ಲಿ ಬ್ಯಾಟರಿಯ ಬಗೆ ಆರಿಸುವ ಸ್ವಿಚ್ ಇರುವುದುಂಟು. ನೀರು ಹಾಕದ ಸೀಲ್ಡ್ ಬ್ಯಾಟರಿ ಇಟ್ಟು ಸ್ವಿಚ್ಚನ್ನು ಟ್ಯೂಬ್ಯುಲರ್ ಮೇಲೆ ಬಿಟ್ಟರೆ ಅದು ಒಳಗೇ ಒಣಗಿ ಸಾಯುತ್ತದೆ. ಹೊಸ ಬ್ಯಾಟರಿ ಹಾಕಿಸುವ ದಿನ ಈ ಒಂದು ಸ್ವಿಚ್ಚನ್ನು ನಿಮ್ಮ ಕಣ್ಣಾರೆ ನೋಡಿ.

ನೀರಿನ ನಂತರದ ಶತ್ರು ಖಾಲಿ ಬಿಡುವುದು. ಡಿಸ್ಚಾರ್ಜ್ ಆದಾಗ ಉಂಟಾದ ಸೀಸದ ಸಲ್ಫೇಟ್ ಮೊದಲಿಗೆ ನುಣುಪಾಗಿರುತ್ತದೆ, ಚಾರ್ಜ್ ಮಾಡಿದ ಕೂಡಲೇ ಕರಗುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿ ಇನ್ವರ್ಟರನ್ನು ಆನ್ ಬಿಟ್ಟುಹೋಗುವ ಮನೆಗಳಲ್ಲಿ ಆಗುವುದು ಇದೇ. ಇನ್ವರ್ಟರಿಗೆ ಮೇನ್ಸ್ ಬರುವಂತೆ ಬಿಡಿ, ಅಥವಾ ಪೂರ್ತಿ ಚಾರ್ಜ್ ಮಾಡಿ ವೈರ್ ಬಿಚ್ಚಿಟ್ಟು ಹೋಗಿ. ಬಿಚ್ಚಿಟ್ಟ ಬ್ಯಾಟರಿಯೂ ತಾನಾಗಿ ಇಳಿಯುತ್ತಿರುತ್ತದೆ, ತಿಂಗಳೆರಡು ತಿಂಗಳಿಗೆ ಮತ್ತೆ ಚಾರ್ಜ್ ಬೇಕು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿದ್ದಾಗ ಕೊನೆಯ ಹನಿಯವರೆಗೆ ಹೀರದೆ, ಒಂದೆರಡು ಎಲ್‌ಇಡಿ ಬಲ್ಬಿಗೆ ಸೀಮಿತ ಮಾಡಿದರೆ ಬ್ಯಾಟರಿಯ ಆಯಸ್ಸು ಉಳಿಯುತ್ತದೆ.

ಲೋಡಿನ ಲೆಕ್ಕದಲ್ಲೂ ಬಹಳ ಜನ ಮೋಸ ಹೋಗುತ್ತಾರೆ. 150 ಎಎಚ್ ಅನ್ನುವುದು 20 ಗಂಟೆಗಳ ಲೆಕ್ಕ: 7.5 ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಅಷ್ಟು ಸಿಗುತ್ತದೆ. 400 ವ್ಯಾಟ್ ಲೋಡ್ ಹಾಕಿದರೆ ಇನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿಯಿಂದ 40 ಆಂಪಿಯರ್‌ನಷ್ಟು ಹರಿಯುತ್ತದೆ. 12ರಿಂದ 150ನ್ನು ಗುಣಿಸಿ 1,800 ವ್ಯಾಟ್-ಅವರ್, ಅಂದರೆ ನಾಲ್ಕೂವರೆ ಗಂಟೆ ಎಂದು ಲೆಕ್ಕ ಹಾಕಿದವರಿಗೆ ನಿಜವಾಗಿ ಸಿಗುವುದು ಎರಡೂವರೆಯಿಂದ ಮೂರು ಗಂಟೆ. ಬ್ಯಾಟರಿ ಕೆಟ್ಟಿದೆ ಎಂದುಕೊಂಡು ಆರೋಗ್ಯವಾಗಿರುವುದನ್ನೇ ಗುಜರಿಗೆ ಹಾಕಿಬಿಡುತ್ತಾರೆ.

ನಿಜವಾಗಿ ಸತ್ತಿದೆಯೇ ಎಂದು ನೋಡುವುದು

ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಬೆಲೆ ಕೆಲವೇ ನೂರು ರೂಪಾಯಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜ್ ನಿಲ್ಲಿಸಿ ಒಂದೆರಡು ಗಂಟೆ ಸುಮ್ಮನೆ ಬಿಡಿ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡು ಆರೂ ಸೆಲ್‌ಗಳಿಂದ ಒಂದೊಂದಾಗಿ ಆಸಿಡ್ ಎಳೆದು ಓದಿ ಬರೆದುಕೊಂಡು, ಎಳೆದದ್ದನ್ನು ಅದೇ ಸೆಲ್ಲಿಗೆ ವಾಪಸ್ ಬಿಡಿ. ಆಗಷ್ಟೇ ನೀರು ಹಾಕಿದ ದಿನ ಅಳೆಯಬೇಡಿ. ಮೇಲೆ ನಿಂತ ನೀರನ್ನೇ ಅಳೆದಂತಾಗುತ್ತದೆ.

ಆರೂ 1.220ರಿಂದ 1.250ರ ಒಳಗಿದ್ದು, ಒಂದಕ್ಕೊಂದು 0.020ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಬ್ಯಾಟರಿ ಚೆನ್ನಾಗಿದೆ, ತೊಂದರೆ ಇನ್ವರ್ಟರಿನಲ್ಲೋ ಲೋಡಿನಲ್ಲೋ ಇದೆ. ಐದು ಸೆಲ್ ಸರಿಯಿದ್ದು ಒಂದೇ ಒಂದು 1.150ರಲ್ಲಿ ಕೂತಿದ್ದರೆ ಆ ಸೆಲ್ ಹೋಗಿದೆ: ಉದುರಿದ ಪುಡಿ ಕೆಳಗೆ ರಾಶಿಯಾಗಿ ಪ್ಲೇಟುಗಳನ್ನು ಮುಟ್ಟಿಸಿದೆ, ಇಲ್ಲವೇ ಸೆಪರೇಟರ್ ತೂತಾಗಿದೆ. ಇಂಥ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6ರ ಬದಲು 10.5 ವೋಲ್ಟಿನ ಹತ್ತಿರ ತೋರಿಸುತ್ತದೆ. ಅದಕ್ಕೆ ಔಷಧಿ ಇಲ್ಲ. ಆರೂ ಸಮಾನವಾಗಿ ಕಡಿಮೆ, ಅಂದರೆ 1.180ರ ಹತ್ತಿರವಿದ್ದರೆ ಮೊದಲು ಒಂದು ದಿನ ಬಿಡದೆ ಚಾರ್ಜ್ ಮಾಡಿ ಮತ್ತೆ ಅಳೆಯಿರಿ. ಏರಿದರೆ ಉಳಿಯಿತು, ಏರದಿದ್ದರೆ ಪ್ಲೇಟುಗಳಲ್ಲಿ ಸಲ್ಫೇಟ್ ಗಟ್ಟಿಯಾಗಿದೆ ಅಥವಾ ಆಸಿಡ್ ಉಕ್ಕಿ ಹೋಗಿ ಬರೀ ನೀರು ತುಂಬಿಕೊಂಡಿದೆ.

ಡಬ್ಬಿ ಉಬ್ಬಿದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಳೆಯುತ್ತಾ ಕೂರಬೇಡಿ. ಚಾರ್ಜಿಂಗ್ ಆಫ್ ಮಾಡಿ, ಕಿಟಕಿ ತೆರೆಯಿರಿ, ಬೆಂಕಿಕಡ್ಡಿ ಗೀರಬೇಡಿ. ವಾಸನೆ ಹೈಡ್ರೋಜನ್ ಸಲ್ಫೈಡಿನದು, ಅದರ ಜೊತೆಗೆ ಹೈಡ್ರೋಜನ್ನೂ ಬರುತ್ತಿರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ ನಾಲ್ಕು ಭಾಗವಾದರೆ ಸಾಕು, ಕಿಡಿಗೆ ಸಿಡಿಯುತ್ತದೆ. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ, ಅದರಲ್ಲೂ ದೇವರ ಕೋಣೆಗೆ ತಾಗಿದ ಗೂಡಿನಲ್ಲಿ ಬ್ಯಾಟರಿ ಇಡಬಾರದು ಎನ್ನುವುದು ಇದಕ್ಕೇ.

"ಆಸಿಡ್ ಚೇಂಜ್ ಮಾಡಿದರೆ ಇನ್ನೂ ಎರಡು ವರ್ಷ ಬರುತ್ತದೆ" ಎಂದು ಮನೆಬಾಗಿಲಿಗೆ ಬರುವ ರಿಪೇರಿಯ ಬಗ್ಗೆ ಒಂದು ಮಾತು. ಹಳೇ ಆಸಿಡ್ ಚೆಲ್ಲಿ ಹೊಸದು ತುಂಬಿದರೆ ಗ್ರಾವಿಟಿ ಏರುತ್ತದೆ, ಕೆಲವು ದಿನ ಲೈಟು ಚೆನ್ನಾಗಿಯೇ ಉರಿಯುತ್ತದೆ. ಆದರೆ ಪ್ಲೇಟಿನಲ್ಲಿ ಗಟ್ಟಿಯಾದ ಸಲ್ಫೇಟ್ ಅಲ್ಲೇ ಇದೆ. ಅದರ ಮೇಲೆ ಪೂರಾ ಬಲದ ಆಸಿಡ್ ಬಿದ್ದದ್ದರಿಂದ ಸೀಸದ ಕಡ್ಡಿಗಳು ಇನ್ನೂ ಬೇಗ ಸವೆಯುತ್ತವೆ. ಚೆಲ್ಲಿದ ಆಸಿಡ್ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. ಉತ್ತರ ಮೋರಿಯೇ.

ಮನೆಯಿಂದ ಹೊರಗೆ ಕಳಿಸುವಾಗ

ಮೊದಲು ಇನ್ವರ್ಟರಿನ ಸ್ವಿಚ್ ಆಫ್ ಮಾಡಿ, ಮೇನ್ಸ್ ಪ್ಲಗ್ ಕಿತ್ತು ಹಾಕಿ. ಉಂಗುರ, ಬಳೆ, ವಾಚು ತೆಗೆದಿಡಿ. ಕಪ್ಪು ವೈರನ್ನು, ಅಂದರೆ ನೆಗೆಟಿವ್ ಟರ್ಮಿನಲನ್ನು ಮೊದಲು ಬಿಚ್ಚಿ, ಕೆಂಪು ಆಮೇಲೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿಕೊಂಡರೆ ಅದು ಎರಡೂ ಟರ್ಮಿನಲಿಗೆ ತಾಗಿ ಕಿಡಿ ಹಾರುವ ಅಪಾಯ ತಪ್ಪುತ್ತದೆ. ಸತ್ತ ಬ್ಯಾಟರಿ ಎಂದು ಅಸಡ್ಡೆ ಬೇಡ. ಲೈಟು ಉರಿಸಲಾಗದ ಬ್ಯಾಟರಿಯೂ ಒಂದು ಕ್ಷಣದ ಶಾರ್ಟಿಗೆ ಸ್ಪ್ಯಾನರನ್ನು ಕೆಂಪಗೆ ಕಾಯಿಸುವಷ್ಟು ಕರೆಂಟ್ ಕೊಡಬಲ್ಲದು.

ಟರ್ಮಿನಲಿನಲ್ಲಿ ಬಿಳಿ, ಹಸಿರು ಪುಡಿ ಕಟ್ಟಿ ಬೋಲ್ಟ್ ಹಿಡಿದುಕೊಂಡಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಸೋಡಾ ನೀರು ಮುಚ್ಚಳದ ಒಳಗೆ ಹೋಗಬಾರದು, ಹೋದರೆ ಒಳಗಿನ ಆಸಿಡ್ಡನ್ನೇ ಕೊಲ್ಲುತ್ತದೆ. ಬ್ಯಾಟರಿ ಬಳಕೆಯಲ್ಲಿರುವಾಗಲೂ ಇದೇ ಚಿಕಿತ್ಸೆ. ಒರೆಸಿ ಒಣಗಿಸಿ, ವೈರ್ ಬಿಗಿದ ಮೇಲೆ ವ್ಯಾಸಲೀನ್ ಸವರಿದರೆ ಪುಡಿ ಬೇಗ ಕಟ್ಟುವುದಿಲ್ಲ.

ಆರೂ ಮುಚ್ಚಳ ಬಿಗಿಯಾಗಿವೆಯೇ ನೋಡಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ. ಇಬ್ಬರು ಸೇರಿ ಹಿಡಿಕೆಯಲ್ಲಿ ಎತ್ತಬೇಕು, ಓರೆ ಮಾಡಬಾರದು. ಕೆಳಗೆ ಗೋಣಿ ಹಾಸಬೇಡಿ, ಸೆಣಬನ್ನು ಆಸಿಡ್ ತಿನ್ನುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಟ್ರೇ ಇರಲಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹೋಗುವುದಂತೂ ಬೇಡವೇ ಬೇಡ.

ನಮ್ಮ ನೆಲಗಳ ವಿಷಯ ಇಲ್ಲೇ ಹೇಳಬೇಕು. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಬಿದ್ದ ಕೂಡಲೇ ನೊರೆ ಬಂದು ಹಳ್ಳ ಬೀಳುತ್ತದೆ. ಕಡಪ ಕಲ್ಲು, ಮಾರ್ಬಲ್, ಸಿಮೆಂಟಿನ ಕೆಂಪು ನೆಲ ಇವೂ ತಡೆಯುವುದಿಲ್ಲ. ಗ್ರಾನೈಟ್ ತಡೆಯುತ್ತದೆ. ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಲ್ಲುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಬಳಿಯಿರಿ. ಮೈಮೇಲೆ ಬಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕಣ್ಣಿಗಾದರೆ ಅಷ್ಟೇ ಹೊತ್ತು ರೆಪ್ಪೆ ಬಿಡಿಸಿ ಹಿಡಿದು ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಬಟ್ಟೆಗೆ ಹಾರಿದ್ದು ಆಗ ಗೊತ್ತಾಗುವುದಿಲ್ಲ, ಒಗೆದ ಮೇಲೆ ತೂತುಗಳಾಗಿ ಕಾಣುತ್ತದೆ.

ಗುಜರಿಯವರು ಹೆಚ್ಚು ಕೊಡುವುದೇಕೆ

ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದಕ್ಕೆ ಇಂತಿಷ್ಟು ಎಂದು ಬಿಲ್ಲಿನಲ್ಲಿ ಕಳೆಯುತ್ತಾರೆ. ಬೀದಿಯಲ್ಲಿ ಗಾಡಿ ತರುವವರು ಅದಕ್ಕಿಂತ ನೂರಿನ್ನೂರು ಹೆಚ್ಚೇ ಹೇಳುವುದುಂಟು. ಸೀಸದ ಬೆಲೆ ಇಬ್ಬರಿಗೂ ಒಂದೇ; ಅದು ಲಂಡನ್ ಲೋಹ ಮಾರುಕಟ್ಟೆಯ ದರದ ಜೊತೆ ಏರಿಳಿಯುತ್ತದೆ. ಹಾಗಾದರೆ ಹೆಚ್ಚಿನ ದುಡ್ಡು ಎಲ್ಲಿಂದ ಬರುತ್ತದೆ? ಆಸಿಡ್ ಶುದ್ಧೀಕರಿಸುವ ಖರ್ಚಿಲ್ಲ, ಹೊಗೆ ಹಿಡಿಯುವ ಫಿಲ್ಟರಿಲ್ಲ, ಕೆಲಸಗಾರರ ರಕ್ತಪರೀಕ್ಷೆಯಿಲ್ಲ, ತೆರಿಗೆಯ ಬಿಲ್ಲಿಲ್ಲ. ಮಾಡದೆ ಬಿಟ್ಟ ಈ ಕೆಲಸಗಳ ಉಳಿತಾಯದಲ್ಲಿ ಒಂದು ಪಾಲನ್ನು ನಿಮ್ಮ ಕೈಗಿಡುತ್ತಾರೆ. ಗಾಡಿ ತಳ್ಳುವವನನ್ನು ನಾನು ದೂರುವುದಿಲ್ಲ. ಕಾಗದ, ಕಬ್ಬಿಣ, ಬಾಟಲಿಗಳಲ್ಲಿ ಅವನು ಮಾಡುವ ಸೇವೆ ದೊಡ್ಡದು, ಮತ್ತು ಈ ಸರಪಳಿಯಲ್ಲಿ ವಿಷ ಮೊದಲು ತಾಗುವುದು ಅವನಿಗೇ.

ಮತ್ತೊಂದು ಮಾತು ಬರುತ್ತದೆ: "ಆಸಿಡ್ ತೂಕ ಬೇಡ, ಚೆಲ್ಲಿ ತೂಗೋಣ." ಇಲ್ಲೇ ಗಟ್ಟಿಯಾಗಿ ಬೇಡ ಅನ್ನಬೇಕು. ಹದಿನೈದು ಲೀಟರ್ ಹಳೇ ಆಸಿಡ್ಡನ್ನು ಸೋಡಾದಿಂದ ತಣಿಸಬೇಕೆಂದರೆ ಆರರಿಂದ ಎಂಟು ಕೆಜಿ ಅಡುಗೆ ಸೋಡಾ ಬೇಕಾಗುತ್ತದೆ, ಒಂದೆರಡು ಪ್ಯಾಕೆಟ್ಟಿನ ಮಾತಲ್ಲ. ತಣಿಸಿದರೂ ಅದರಲ್ಲಿ ಕರಗಿದ ಮತ್ತು ತೇಲುವ ಸೀಸ ಹಾಗೇ ಇರುತ್ತದೆ. ತೆಂಗಿನ ಮರದ ಬುಡಕ್ಕೋ ರಾಜಕಾಲುವೆಗೋ ಸುರಿದ ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿನ ಮೇಲಿನ ಕೆಲವು ಇಂಚುಗಳಲ್ಲಿ ತಲೆಮಾರುಗಟ್ಟಲೆ ಕೂರುತ್ತದೆ.

ಎರಡು ಕುಲುಮೆಗಳು

ಶೆಡ್ಡಿನ ಕುಲುಮೆಯಲ್ಲಿ ನಡೆಯುವುದು ಹೀಗೆ. ಕೊಡಲಿಯಿಂದ ಡಬ್ಬಿ ಒಡೆಯುತ್ತಾರೆ, ಪ್ಲೇಟುಗಳನ್ನು ಇದ್ದಿಲಿನ ಜೊತೆ ನೆಲದ ಗುಂಡಿಗೆ ಹಾಕಿ ಬ್ಲೋವರ್ ಊದುತ್ತಾರೆ. ಸೀಸ 327 ಡಿಗ್ರಿಗೇ ಕರಗುವುದರಿಂದ ಲೋಹದ ಕಡ್ಡಿ, ಜಾಲರಿಗಳು ಸುಲಭವಾಗಿ ಇಳಿದುಬರುತ್ತವೆ. ಆದರೆ ಬ್ಯಾಟರಿಯ ಸೀಸದಲ್ಲಿ ಸರಿಸುಮಾರು ಅರ್ಧ ಇರುವುದು ಪೇಸ್ಟಿನಲ್ಲಿ, ಅಂದರೆ ಸಲ್ಫೇಟ್ ಮತ್ತು ಆಕ್ಸೈಡ್ ರೂಪದಲ್ಲಿ. ಅದನ್ನು ಲೋಹವಾಗಿ ಇಳಿಸಲು ಸಾವಿರ ಡಿಗ್ರಿಯ ಸುತ್ತಮುತ್ತ ಕಾವು, ಸರಿಯಾದ ಅಳತೆಯ ಇಂಗಾಲ, ಗಂಧಕವನ್ನು ಹಿಡಿಯುವ ಸೋಡಾ ಅಥವಾ ಕಬ್ಬಿಣ ಬೇಕು. ಗುಂಡಿಯಲ್ಲಿ ಇವ್ಯಾವುವೂ ಹದವಾಗಿರುವುದಿಲ್ಲ. ಹಾಗಾಗಿ ಒಂದು ಪಾಲು ಸೀಸ ಕಿಟ್ಟದಲ್ಲಿ ಸಿಕ್ಕಿ ಪಕ್ಕದಲ್ಲೇ ರಾಶಿ ಬೀಳುತ್ತದೆ, ಇನ್ನೊಂದು ಪಾಲು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಹೊಗೆಯೊಡನೆ ಹೋಗಿ ಮನೆಗಳ ಮಾಡಿಗೆ, ಹುಲ್ಲಿಗೆ, ಅಂಗಳಕ್ಕೆ ಇಳಿಯುತ್ತದೆ. ಕೆಲಸಗಾರನ ಬಟ್ಟೆಯಲ್ಲೂ ಮನೆಗೆ ಹೋಗುತ್ತದೆ.

ಅಂಗಳದಲ್ಲಿ ಆಡಿ ಕೈ ಬಾಯಿಗಿಡುವ ಮಗುವಿನ ದೇಹ ಸೀಸವನ್ನು ದೊಡ್ಡವರಿಗಿಂತ ಹೆಚ್ಚು ಹೀರುತ್ತದೆ, ಮಿದುಳಿನ ಬೆಳವಣಿಗೆಗೆ ಆದ ಹಾನಿ ಮತ್ತೆ ಸರಿಯಾಗುವುದಿಲ್ಲ. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆನೆಗಲ್ ದೇಶದ ಡಕಾರ್ ಬಳಿಯ ತಿಯಾರೊಯ್ ಸುರ್ ಮೆರ್ ಎಂಬಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚ್ ನಡುವೆ 18 ಮಕ್ಕಳು ಸತ್ತರು. ಅಲ್ಲಿ ಮನೆಗಳ ನಡುವೆಯೇ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಅಂದರೆ ಸುಮಾರು 80 ಕೋಟಿ ಮಕ್ಕಳಲ್ಲಿ, ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು ಯೂನಿಸೆಫ್ 2020ರಲ್ಲಿ ವರದಿ ಮಾಡಿದಾಗ, ಬ್ಯಾಟರಿಗಳ ಇಂಥ ಮರುಬಳಕೆಯನ್ನು ದೊಡ್ಡ ಕಾರಣಗಳಲ್ಲಿ ಒಂದೆಂದು ಹೆಸರಿಸಿತು. ನಮ್ಮಲ್ಲಿ ಸೀಸದ ವಿಷದ ಬಗ್ಗೆ ದಶಕಗಳ ಕಾಲ ಎಚ್ಚರಿಸುತ್ತಾ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ಅವರ ಮಾತು ನಮ್ಮ ಮನೆಗಳಿಗೆ ಇನ್ನೂ ಸಾಕಷ್ಟು ತಲುಪಿಲ್ಲ ಎನ್ನುವುದು ನನಗಿರುವ ಬೇಸರ.

ನೋಂದಾಯಿತ ಕಾರ್ಖಾನೆಗೆ ಹೋದ ಬ್ಯಾಟರಿಯ ಪ್ರಯಾಣವೇ ಬೇರೆ. ಅಲ್ಲಿ ಆಸಿಡ್ಡನ್ನು ಬೇರೆ ತೊಟ್ಟಿಗೆ ಬಸಿದುಕೊಂಡು, ಬ್ಯಾಟರಿಯನ್ನು ಮುಚ್ಚಿದ ಯಂತ್ರದೊಳಗೆ ಸುತ್ತಿಗೆಗಳಿಂದ ಚೂರು ಮಾಡುತ್ತಾರೆ. ಚೂರುಗಳು ನೀರಿನ ತೊಟ್ಟಿಗೆ ಬೀಳುತ್ತವೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಸೀಸ ನೀರಿನ ಹನ್ನೊಂದು ಪಟ್ಟು ಭಾರ, ಮುಳುಗುತ್ತದೆ. ಇಷ್ಟು ಸುಲಭವಾಗಿ ಬೇರೆಯಾಗುವುದೇ ಈ ಬ್ಯಾಟರಿಯ ಭಾಗ್ಯ. ಮಿಕ್ಸಿಯಂಥ ಸಾಮಾನಿನಲ್ಲಿ ತಾಮ್ರ, ಉಕ್ಕು, ನಾಲ್ಕು ಬಗೆಯ ಪ್ಲಾಸ್ಟಿಕ್ಕು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದಕ್ಕೆ ಈ ಭಾಗ್ಯವಿಲ್ಲ.

ತೇಲಿದ ಪ್ಲಾಸ್ಟಿಕ್ಕನ್ನು ತೊಳೆದು, ಕರಗಿಸಿ, ಕಾಳು ಮಾಡಿ ಹೊಸ ಡಬ್ಬಿಗೆ ಕಳಿಸುತ್ತಾರೆ. ಸೀಸದ ಪೇಸ್ಟಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿದರೆ ಗಂಧಕ ಸೋಡಿಯಂ ಸಲ್ಫೇಟ್ ಆಗಿ ನೀರಿಗೆ ಬರುತ್ತದೆ, ಅದನ್ನು ಹರಳುಗಟ್ಟಿಸಿ ಬಟ್ಟೆ ಒಗೆಯುವ ಪುಡಿ, ಗಾಜಿನ ತಯಾರಿಕೆಗೆ ಮಾರುತ್ತಾರೆ. ಈ ಹಂತವಿಲ್ಲದ ಕಾರ್ಖಾನೆಗಳಲ್ಲಿ ಪೇಸ್ಟನ್ನು ಸೋಡಾ, ಕಬ್ಬಿಣದ ಚೂರು, ಕಲ್ಲಿದ್ದಲಿನೊಂದಿಗೆ ನೇರವಾಗಿ ಸುತ್ತುವ ಕುಲುಮೆಗೆ ಹಾಕುತ್ತಾರೆ, ಗಂಧಕ ಕಬ್ಬಿಣಕ್ಕೆ ಅಂಟಿ ಕಿಟ್ಟದೊಡನೆ ಹೋಗುತ್ತದೆ. ಹೊಗೆಯನ್ನು ತಂಪು ಮಾಡಿ ಬಟ್ಟೆಚೀಲಗಳ ಫಿಲ್ಟರಿನ ಮೂಲಕ ಎಳೆಯುತ್ತಾರೆ. ಅಲ್ಲಿ ಸಿಕ್ಕ ಧೂಳಿನಲ್ಲಿ ಸೀಸ ತುಂಬಿರುವುದರಿಂದ ಅದು ಮತ್ತೆ ಕುಲುಮೆಗೇ ಹೋಗುತ್ತದೆ. ಬಂದ ಕಚ್ಚಾ ಸೀಸವನ್ನು ದೊಡ್ಡ ಕಡಾಯಿಗಳಲ್ಲಿ ಕರಗಿಸಿ ತಾಮ್ರ, ತವರ, ಆಂಟಿಮನಿಗಳನ್ನು ಒಂದೊಂದಾಗಿ ಕೆನೆಯಂತೆ ಮೇಲೆ ಬರಿಸಿ ತೆಗೆದರೆ ಶೇಕಡಾ 99.97ರಷ್ಟು ಶುದ್ಧ ಸೀಸ ಗಟ್ಟಿಯಾಗಿ ನಿಲ್ಲುತ್ತದೆ. ಕಡ್ಡಿಗಳಿಗೆ ಬೇಕಾದ ಸೀಸಕ್ಕೆ ಅಳತೆಯ ಆಂಟಿಮನಿ ಮತ್ತೆ ಬೆರೆಸುತ್ತಾರೆ. ಸೆಪರೇಟರ್ ಹಾಳೆ, ಕೊನೆಯ ಕಿಟ್ಟ ಇವಕ್ಕೆ ಬಳಕೆಯಿಲ್ಲ. ಅವು ನೀರು ಇಳಿಯದಂತೆ ಕಟ್ಟಿದ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹೋಗಬೇಕು. ನಮ್ಮಲ್ಲಿ ದಾಬಸ್‌ಪೇಟೆ ಬಳಿ ಅಂಥದ್ದಿದೆ.

ಕಾನೂನು ಏನು ಹೇಳುತ್ತದೆ

ಸೀಸದ ಬ್ಯಾಟರಿ ವಾಪಸ್ ಪಡೆಯುವ ನಿಯಮ ದೇಶದಲ್ಲಿ 2001ರಿಂದಲೂ ಇದೆ. ಅದರ ಜಾಗಕ್ಕೆ 2022ರ ಆಗಸ್ಟಿನಲ್ಲಿ ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುವ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ತಯಾರಕರು ತಾವು ಮಾರಿದ ಬ್ಯಾಟರಿಗಳ ಮರುಬಳಕೆಗೆ ಹೊಣೆ. ಮರುಬಳಕೆ ಮಾಡುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಬಳಸುವವರಿಗೂ ಹೊಣೆಯಿದೆ: ಹಳೇ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸಬಾರದು, ಸಂಗ್ರಹಣೆಯಲ್ಲೋ ಮರುಬಳಕೆಯಲ್ಲೋ ತೊಡಗಿರುವವರಿಗೇ ಕೊಡಬೇಕು. ಬ್ಯಾಟರಿಯ ಮೈಮೇಲೆ ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರ ಇರುವುದು ಇದೇ ಮಾತನ್ನು ಹೇಳಲು.

ಅಂಗಡಿಯಲ್ಲಿ ಕೇಳಬೇಕಾದದ್ದು ಕಷ್ಟದ್ದೇನಲ್ಲ. ಹಳೇ ಬ್ಯಾಟರಿಗೆ ಕಳೆದ ಮೊತ್ತ ಬಿಲ್ಲಿನಲ್ಲಿ ಬರಲಿ. ಅದು ಕಂಪನಿಗೆ ವಾಪಸ್ ಹೋಗುತ್ತದೋ, ಅಂಗಡಿಯವರೇ ಬೇರೆಯವರಿಗೆ ಮಾರುತ್ತಾರೋ ಕೇಳಿ. ಮಾರುವುದಾದರೆ ಕೊಳ್ಳುವವರ ನೋಂದಣಿ ಇದೆಯೇ ಕೇಳಿ. ಅಂಗಡಿಯ ಹಿಂಬದಿಯಲ್ಲಿ ಬ್ಯಾಟರಿಗಳು ಮಗುಚಿ ಬಿದ್ದಿದ್ದರೆ, ಮುಚ್ಚಳವಿಲ್ಲದೆ ಒಣಗಿದ್ದರೆ ಅಲ್ಲೇ ಆಸಿಡ್ ಚೆಲ್ಲುತ್ತಾರೆಂದು ಅರ್ಥ. ಬೇರೆ ಅಂಗಡಿ ನೋಡಿ. ಹೊಸದರ ತಯಾರಿಕೆಯ ತಿಂಗಳನ್ನೂ ನೋಡಿ. ಆಸಿಡ್ ತುಂಬಿ ಮೂರು ತಿಂಗಳಿಗಿಂತ ಹೆಚ್ಚು ಚಾರ್ಜಿಲ್ಲದೆ ಕೂತಿದ್ದರೆ ಸಲ್ಫೇಟ್ ಆಗಲೇ ಕೂರಲು ಶುರುವಾಗಿರುತ್ತದೆ.

ದೊಡ್ಡ ಬ್ಯಾಟರಿಗೆ ಬೆಲೆಯಿರುವುದರಿಂದ ಅದು ಹೇಗೋ ಸರಪಳಿಯೊಳಗೆ ಸೇರಿಕೊಳ್ಳುತ್ತದೆ. ಕಳೆದುಹೋಗುವುದು ಸಣ್ಣವು: ಕಂಪ್ಯೂಟರ್ ಯುಪಿಎಸ್‌ನ 7 ಎಎಚ್ ಸೀಲ್ಡ್ ಬ್ಯಾಟರಿ, ಎಮರ್ಜೆನ್ಸಿ ಲ್ಯಾಂಪಿನ 4 ಅಥವಾ 6 ವೋಲ್ಟಿನದು, ಮಕ್ಕಳ ಆಟದ ಕಾರಿನದು. ಇವುಗಳಲ್ಲೂ ಇರುವುದು ಅದೇ ಸೀಸ, ಅದೇ ಆಸಿಡ್. ಯುಪಿಎಸ್‌ನದೊಂದೇ ಎರಡು ಕೆಜಿಗಿಂತ ಹೆಚ್ಚು ತೂಗುತ್ತದೆ. ಇದನ್ನು ಕಸದ ಗಾಡಿಗೆ ಹಾಕದೆ, ಟರ್ಮಿನಲಿಗೆ ಟೇಪ್ ಹಚ್ಚಿ ಎತ್ತಿಟ್ಟು, ಬ್ಯಾಟರಿ ಅಂಗಡಿಗೆ ಹೋಗುವ ಸಂದರ್ಭ ಬಂದಾಗ ಒಟ್ಟಿಗೆ ಕೊಡಿ. ತೂಕಕ್ಕೆ ದುಡ್ಡೂ ಸಿಗುತ್ತದೆ. ಲಿಥಿಯಂ ಬ್ಯಾಟರಿಗಳನ್ನು ಮಾತ್ರ ಈ ಚೀಲಕ್ಕೆ ಸೇರಿಸಬೇಡಿ. ಈಗ ಇನ್ವರ್ಟರಿಗೂ ಲಿಥಿಯಂ ಬಂದಿದೆ, ಕೆಲವು ಡಬ್ಬಿಗಳು ಸೀಸದ ಬ್ಯಾಟರಿಯಂತೆಯೇ ಕಾಣುತ್ತವೆ. ಸೀಸದ ರಾಶಿಯೊಳಗೆ ಸೇರಿಹೋದ ಒಂದು ಲಿಥಿಯಂ ಬ್ಯಾಟರಿ ಸುತ್ತಿಗೆಯ ಯಂತ್ರದಲ್ಲೋ ಕುಲುಮೆಯಲ್ಲೋ ಸಿಡಿದು ಬೆಂಕಿ ಹಚ್ಚುತ್ತದೆ. ತೂಕ ನೋಡಿದರೇ ಗೊತ್ತಾಗುತ್ತದೆ, ಅಷ್ಟೇ ಶಕ್ತಿಯ ಲಿಥಿಯಂ ಬಹಳ ಹಗುರ. ಅನುಮಾನವಿದ್ದರೆ ಮೈಮೇಲಿನ ಬರಹ ಓದಿ, ಲಿಥಿಯಂ ಎಂದಿದ್ದರೆ ಬೇರೆ ಇಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.